ಓದಿದ ಊರು, ಸಿಗುವ ರೆಸಿಡೆನ್ಸಿ

ಮಾರ್ಚ್ ತಿಂಗಳ ಮೂರನೆಯ ವಾರ ಅಮೆರಿಕದ ವೈದ್ಯ ವಿದ್ಯಾರ್ಥಿಗಳಿಗೆ ಫಲಿತಾಂಶದ ವಾರ. ರೆಸಿಡೆನ್ಸಿ ಸಿಕ್ಕಿತೋ ಇಲ್ಲವೋ ಎಂಬುದು ಸೋಮವಾರ ಗೊತ್ತಾಗುತ್ತದೆ. ಯಾವ ಊರಿನ ಯಾವ ಆಸ್ಪತ್ರೆ ಎಂದು ತಿಳಿಯಲು ಶುಕ್ರವಾರದವರೆಗೆ ಕಾಯಬೇಕು. ನಮ್ಮಲ್ಲಿ ಪಿ.ಜಿ. ಎನ್ನುತ್ತೇವಲ್ಲ, ಅಂಥದೇ ತರಬೇತಿಗೆ ಅಲ್ಲಿ ರೆಸಿಡೆನ್ಸಿ ಎಂದು ಹೆಸರು. ಅದನ್ನು ಮುಗಿಸದೆ ಆ ದೇಶದಲ್ಲಿ ಸ್ವತಂತ್ರವಾಗಿ ವೈದ್ಯವೃತ್ತಿ ನಡೆಸಲು, ಕೆಲವು ರಾಜ್ಯಗಳು ಇತ್ತೀಚೆಗೆ ಕೊಟ್ಟಿರುವ ಸೀಮಿತ ವಿನಾಯಿತಿ ಬಿಟ್ಟರೆ, ದಾರಿಯಿಲ್ಲ.

‘ಮ್ಯಾಚ್’ ಎಂದು ಕರೆಯುವ ಈ ಸೀಟು ಹಂಚಿಕೆಯನ್ನು ನಡೆಸುವುದು ಎನ್‌ಆರ್‌ಎಂಪಿ ಎಂಬ ಸಂಸ್ಥೆ. 2025ರಲ್ಲಿ 43,237 ಸೀಟುಗಳಿದ್ದವು, ಹೆಸರು ನೋಂದಾಯಿಸಿದವರು 52,498 ಮಂದಿ. ಅಮೆರಿಕದಲ್ಲೇ ಎಂ.ಡಿ. ಓದಿ ಮುಗಿಸುತ್ತಿದ್ದವರಲ್ಲಿ ಶೇ 93.5ರಷ್ಟು ಜನರಿಗೆ ಸೀಟು ಸಿಕ್ಕಿತು. ಅಲ್ಲಿಯದೇ ಇನ್ನೊಂದು ಪದವಿಯಾದ ಡಿ.ಒ. ಓದಿದವರಲ್ಲಿ ಶೇ 92.6. ಅಮೆರಿಕದ ಪೌರರೇ ಆಗಿದ್ದು ಹೊರದೇಶದಲ್ಲಿ ಓದಿದವರಲ್ಲಿ ಶೇ 67.8. ಹೊರದೇಶದಲ್ಲಿ ಓದಿದ ವಿದೇಶಿಯರಲ್ಲಿ ಶೇ 58. ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಅರ್ಜಿ ಹಾಕುವ ಭಾರತೀಯರು ಬರುವುದು ಈ ಕೊನೆಯ ಗುಂಪಿಗೆ. ಅಲ್ಲಿಯ ಎಂ.ಡಿ. ಎಂದರೆ ನಮ್ಮ ಎಂಬಿಬಿಎಸ್‌ಗೆ ಸಮನಾದ ಮೊದಲ ವೈದ್ಯ ಪದವಿ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಎಂ.ಡಿ.ಯ ಜೊತೆ ಅದನ್ನು ಬೆರೆಸಿಕೊಳ್ಳಬಾರದು.

ಈ ಅಂಕಿಗಳನ್ನು ನೋಡಿ, ದೇಶ ಯಾವುದು ಎಂಬುದರಲ್ಲೇ ಎಲ್ಲ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎರಡನೆಯ ಗುಂಪಿನ ಡಿ.ಒ. ವಿದ್ಯಾರ್ಥಿಗೂ ಮೂರನೆಯ ಗುಂಪಿನ ಅಮೆರಿಕನ್ ಪೌರನಿಗೂ ವೀಸಾದಲ್ಲಿ ವ್ಯತ್ಯಾಸವಿಲ್ಲ, ಹೆಚ್ಚಿನವರ ಭಾಷೆಯಲ್ಲೂ ಇಲ್ಲ. ಆದರೂ ನಡುವೆ ಶೇ 25ರಷ್ಟು ಅಂತರವಿದೆ. ಅದರಲ್ಲಿ ಅಂಕಗಳ ಪಾಲು ಇದ್ದೀತು. ದೊಡ್ಡ ಪಾಲು ಪರಿಚಯದ್ದು. ಆಸ್ಪತ್ರೆಯ ಹಿರಿಯ ವೈದ್ಯರಿಗೆ ಒಬ್ಬ ವಿದ್ಯಾರ್ಥಿ ಅಂತಿಮ ವರ್ಷಗಳಲ್ಲೇ ಕಣ್ಣೆದುರು ವಾರ್ಡಿನಲ್ಲಿ ಓಡಾಡಿಕೊಂಡಿದ್ದ. ಇನ್ನೊಬ್ಬ ಕಾಗದದಲ್ಲಿ ಮಾತ್ರ ಇದ್ದಾನೆ. ಕಾಲೇಜಿನ ಜಾಗಕ್ಕೆ ಇರುವ ಬೆಲೆಯಲ್ಲಿ ಬಹುಪಾಲು ಈ ಪರಿಚಯದ್ದೇ. ಆದ್ದರಿಂದ ಕಾಲೇಜು ಎಲ್ಲಿದೆ ಎಂದು ಕೇಳುವುದರ ಜೊತೆಗೆ, ಕೊನೆಯ ಎರಡು ವರ್ಷ ಯಾವ ಆಸ್ಪತ್ರೆಯಲ್ಲಿ, ಯಾರ ಕೈಕೆಳಗೆ ಕೆಲಸ ಕಲಿಯುತ್ತೀರಿ ಎಂದು ಕೇಳಿಕೊಳ್ಳಬೇಕು.

ಆಯ್ಕೆ ಮಾಡುವವರ ಕಡೆಯಿಂದ

ಕೆಲವೇ ಸೀಟುಗಳಿರುವ ಒಂದು ಇಂಟರ್ನಲ್ ಮೆಡಿಸಿನ್ ವಿಭಾಗಕ್ಕೆ ಸಾವಿರಾರು ಅರ್ಜಿಗಳು ಬರುತ್ತವೆ. ಅಷ್ಟನ್ನೂ ಕೂತು ಓದುವುದು ಯಾರಿಂದಲೂ ಆಗದು. ಮೊದಲು ಸೋಸುತ್ತಾರೆ. ಹಿಂದೆ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇಯ ಮೊದಲ ಹಂತ, ಸ್ಟೆಪ್ 1ರ ಅಂಕವೇ ಆ ಜರಡಿಯಾಗಿತ್ತು. ಹಾಸನದಲ್ಲಿ ಓದಿದವಳೂ ಬಾಸ್ಟನ್‌ನಲ್ಲಿ ಓದಿದವಳೂ ಒಂದೇ ಪರೀಕ್ಷೆ ಬರೆಯುತ್ತಿದ್ದರು, ಅಂಕ ಹೆಚ್ಚಿದ್ದರೆ ದೂರದ ಕಾಲೇಜಿನವಳಿಗೂ ಕರೆ ಬರುತ್ತಿತ್ತು. 2022ರ ಜನವರಿ ಕೊನೆಯಿಂದ ಸ್ಟೆಪ್ 1ಕ್ಕೆ ಅಂಕವಿಲ್ಲ, ಪಾಸು ಅಥವಾ ಫೇಲು ಮಾತ್ರ. ವಿದ್ಯಾರ್ಥಿಗಳ ಮೇಲಿನ ಒತ್ತಡ ತಗ್ಗಿಸುವುದು ಉದ್ದೇಶ, ಅದು ಒಳ್ಳೆಯದೇ. ಆದರೆ ಹೊರದೇಶದವರ ಕೈಯಲ್ಲಿದ್ದ ದೊಡ್ಡ ಅಸ್ತ್ರವೊಂದು ಹೋಯಿತು. ಈಗ ಉಳಿದಿರುವ ಅಂಕ ಸ್ಟೆಪ್ 2 ಸಿಕೆಯದು. ಅದರ ಪಕ್ಕದಲ್ಲಿ ಕಾಲೇಜಿನ ಹೆಸರು, ಶಿಫಾರಸು ಪತ್ರ, ಅಮೆರಿಕದ ಆಸ್ಪತ್ರೆಯಲ್ಲಿ ಮಾಡಿದ ಕೆಲಸ, ಪದವಿ ಮುಗಿದು ಎಷ್ಟು ವರ್ಷವಾಯಿತು ಎಂಬುದೆಲ್ಲ ಮೊದಲಿಗಿಂತ ಹೆಚ್ಚು ತೂಗುತ್ತವೆ.

ಆಯ್ಕೆಗಾರರಿಗೆ ಇನ್ನೊಂದು ಚಿಂತೆಯೂ ಇದೆ: ಈ ಅಭ್ಯರ್ಥಿಗೆ ನಮ್ಮ ಊರಿಗೆ ಬರುವ ಮನಸ್ಸು ನಿಜವಾಗಿ ಇದೆಯೇ? ಸಂಬಂಧ ನೋಡುವಾಗ ‘ಯಾವ ಊರು, ಯಾರ ಕಡೆಯವರು’ ಎಂದು ನಮ್ಮ ಹಿರಿಯರು ಕೇಳುತ್ತಾರಲ್ಲ, ಹೆಚ್ಚುಕಡಿಮೆ ಅದೇ ವಿಚಾರಣೆ. ಕಾಲೇಜು, ಹುಟ್ಟಿದ ಊರು, ಮನೆಯವರು ಇರುವ ರಾಜ್ಯ ಇವೆಲ್ಲ ಆ ಪ್ರಶ್ನೆಗೆ ಉತ್ತರವಾಗುತ್ತವೆ. 2020ರಲ್ಲಿ ಕೋವಿಡ್ ಬಂದಮೇಲೆ ಸಂದರ್ಶನಗಳು ಆನ್‌ಲೈನ್ ಆದವು. ವಿಮಾನದ ಖರ್ಚು ಉಳಿಯಿತು. ಅದರ ಜೊತೆಗೇ, ಆಸಕ್ತಿ ಇದ್ದವರು ಇಲ್ಲದವರು ಎಲ್ಲರೂ ಎಲ್ಲ ಕಡೆಗೂ ಅರ್ಜಿ ಹಾಕುವುದು ಸುಲಭವಾಯಿತು. ಇದಕ್ಕೆ ಮದ್ದೆಂದು ಈರಾಸ್ ಎಂಬ ಅರ್ಜಿ ವ್ಯವಸ್ಥೆಯಲ್ಲಿ ಹೊಸ ಅವಕಾಶಗಳನ್ನು ಸೇರಿಸಿದರು. ದೇಶವನ್ನು ಒಂಬತ್ತು ಪ್ರದೇಶಗಳಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ಮೂರನ್ನು ನಿಮ್ಮ ಆಯ್ಕೆಯೆಂದು ಗುರುತಿಸಿ, ಕಾರಣವನ್ನು ಚುಟುಕಾಗಿ ಬರೆಯಬಹುದು. ‘ಸಿಗ್ನಲ್’ ಎಂಬ ಇನ್ನೊಂದು ಸೌಲಭ್ಯದಲ್ಲಿ, ನಿಮಗೆ ಬಹಳ ಬೇಕಾದ ವಿಭಾಗಗಳಿಗೆ ಆ ಮಾತನ್ನು ಮುಂಚೆಯೇ ತಿಳಿಸಬಹುದು. ಇದರ ಸಂಖ್ಯೆ ವಿಷಯದಿಂದ ವಿಷಯಕ್ಕೆ ಬೇರೆ. ಮೂಳೆ ಶಸ್ತ್ರಚಿಕಿತ್ಸೆಗೆ 30, ಫ್ಯಾಮಿಲಿ ಮೆಡಿಸಿನ್‌ಗೆ ಐದೇ.

ಕಾರಣ ಬರೆಯುವ ಆ ಪುಟ್ಟ ಜಾಗವನ್ನು ನಮ್ಮ ವಿದ್ಯಾರ್ಥಿಗಳು ಪೋಲು ಮಾಡುವುದುಂಟು. ‘ಎಲ್ಲಿಯಾದರೂ ಸರಿ’ ಎಂದು ಬರೆಯುವುದು ನಮ್ರತೆ ಎಂದು ನಮಗೆ ಅನ್ನಿಸುತ್ತದೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮಿಷಿಗನ್‌ನಲ್ಲಿ ಅಕ್ಕ ಇದ್ದರೆ ಬರೆಯಿರಿ. ಚಿಕ್ಕ ಊರಲ್ಲಿ ಬೆಳೆದು, ತಾಲ್ಲೂಕು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದರೆ, ಗ್ರಾಮೀಣ ಪ್ರದೇಶದ ಆಸ್ಪತ್ರೆಯವರು ಅದನ್ನು ಗಮನವಿಟ್ಟು ಓದುತ್ತಾರೆ.

ಅಮೆರಿಕದೊಳಗಿನ ಭೂಗೋಳ

ಅಲ್ಲಿಯೇ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಮನೆ ಹತ್ತಿರದ ಸರ್ಕಾರಿ ಮೆಡಿಕಲ್ ಸ್ಕೂಲೋ, ದೂರದ ರಾಜ್ಯದ ದುಬಾರಿ ಖಾಸಗಿ ಕಾಲೇಜೋ? ರೆಸಿಡೆನ್ಸಿಯ ದೃಷ್ಟಿಯಿಂದ, ಮುಂದೆ ಎಲ್ಲಿ ನೆಲೆಸಬೇಕೆಂದಿದ್ದೀರೋ ಅಲ್ಲಿ ಓದುವುದಕ್ಕೆ ನನ್ನ ಮತ. ಚರ್ಮರೋಗ, ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿಯಂಥ ತೀರಾ ಪೈಪೋಟಿಯ ವಿಷಯಗಳಲ್ಲಿ ಸ್ವಂತ ಕಾಲೇಜಿಗೆ ಸೇರಿದ ಆಸ್ಪತ್ರೆಯಲ್ಲಿ ಆ ವಿಭಾಗ ಇದೆಯೇ ಎಂಬುದು ಬಹಳ ಮುಖ್ಯವಾಗುತ್ತದೆ. ಇಲ್ಲದಿದ್ದರೆ ಪರಿಚಯ, ಸಂಶೋಧನೆ, ಶಿಫಾರಸು ಎಲ್ಲವನ್ನೂ ಬೇರೆ ಊರಿನ ಆಸ್ಪತ್ರೆಗಳಲ್ಲಿ ಕೆಲವು ವಾರ ದುಡಿದು ಸಂಪಾದಿಸಬೇಕು.

ಸೀಟುಗಳು ದೇಶದಲ್ಲೆಲ್ಲ ಸಮನಾಗಿ ಹರಡಿಲ್ಲ. ಇದರ ಹಿಂದೆ ಒಂದು ಕಾನೂನಿದೆ. ರೆಸಿಡೆಂಟ್ ವೈದ್ಯರ ತರಬೇತಿ ವೆಚ್ಚದ ದೊಡ್ಡ ಭಾಗ ಮೆಡಿಕೇರ್ ಎಂಬ ಸರ್ಕಾರಿ ವಿಮೆಯಿಂದ ಬರುತ್ತದೆ. 1997ರ ಬ್ಯಾಲೆನ್ಸ್ಡ್ ಬಜೆಟ್ ಕಾಯ್ದೆ, ಒಂದೊಂದು ಆಸ್ಪತ್ರೆಯಲ್ಲಿ 1996ರಲ್ಲಿ ಎಷ್ಟು ಸೀಟಿದ್ದವೋ ಅಷ್ಟಕ್ಕೇ ಈ ಹಣವನ್ನು ಕಟ್ಟಿಹಾಕಿತು. ಆಗ ನ್ಯೂಯಾರ್ಕ್ ಮತ್ತು ಸುತ್ತಲಿನ ಈಶಾನ್ಯ ರಾಜ್ಯಗಳಲ್ಲಿ ಬೋಧನಾ ಆಸ್ಪತ್ರೆಗಳು ದಟ್ಟವಾಗಿದ್ದವು. ಆಮೇಲೆ ಜನಸಂಖ್ಯೆ ದಕ್ಷಿಣಕ್ಕೂ ಪಶ್ಚಿಮಕ್ಕೂ ಸರಿಯಿತು, ಸೀಟುಗಳು ಅಷ್ಟಾಗಿ ಸರಿಯಲಿಲ್ಲ. 2021ರ ಒಂದು ಕಾಯ್ದೆ ಹೊಸದಾಗಿ 1,000 ಸೀಟುಗಳಿಗೆ ಹಣ ಕೊಟ್ಟಿತು, ಅದೂ ವರ್ಷಕ್ಕೆ 200ಕ್ಕೆ ಮೀರದಂತೆ. ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮಿಷಿಗನ್, ಇಲಿನಾಯ್ ಕಡೆಯ ನಗರ ಆಸ್ಪತ್ರೆಗಳಲ್ಲಿ ಭಾರತದ ವೈದ್ಯರು ಹೆಚ್ಚಾಗಿ ಕಾಣುವುದಕ್ಕೆ, ಹಳೆಯ ಸೀಟುಗಳು ಹೀಗೆ ಇದ್ದಲ್ಲೇ ಉಳಿದದ್ದೂ ಒಂದು ಕಾರಣ. ಫ್ಲೋರಿಡಾದಲ್ಲೂ ಹೊರದೇಶದಲ್ಲಿ ಓದಿದವರು ಸಾಕಷ್ಟಿದ್ದಾರೆ. ಪೆಸಿಫಿಕ್ ಕರಾವಳಿಯ ರಾಜ್ಯಗಳಲ್ಲಿ ಅವರಿಗೆ ಸೀಟು ಸಿಗುವುದು ಕಷ್ಟ.

ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಲಕ್ಕೆ ನಿಯಮವೇ ಅಡ್ಡ ನಿಂತಿತ್ತು. ಅಲ್ಲಿಯ ಮೆಡಿಕಲ್ ಬೋರ್ಡ್ ತಾನು ಒಪ್ಪಿದ ವಿದೇಶಿ ಕಾಲೇಜುಗಳ ಪಟ್ಟಿಯನ್ನು ಇಟ್ಟುಕೊಂಡಿತ್ತು, ತರಬೇತಿಗೆ ಸೇರುವ ಮುನ್ನ ಬೋರ್ಡಿನಿಂದ ಪತ್ರ ತರಬೇಕಿತ್ತು. 2020ರಿಂದ ಆ ಪತ್ರದ ಪದ್ಧತಿ ಇಲ್ಲ. ಹಳೆಯ ಮಾಹಿತಿ ಓದಿ ಈಗಲೂ ಹೆದರುವವರಿಗಾಗಿ ಇದನ್ನು ಹೇಳಿದೆ.

ರಾಜ್ಯಗಳು ತಮ್ಮವರನ್ನು ಉಳಿಸಿಕೊಳ್ಳಲು ಬಹಳ ಹೆಣಗುತ್ತವೆ. ಟೆಕ್ಸಾಸ್‌ನ ಸರ್ಕಾರಿ ಮೆಡಿಕಲ್ ಸ್ಕೂಲುಗಳಲ್ಲಿ ಹೊರರಾಜ್ಯದವರು ಶೇ 10ಕ್ಕೆ ಮೀರುವಂತಿಲ್ಲ. ತನ್ನಲ್ಲಿ ಪದವಿ ಪಡೆಯುವ ಪ್ರತಿ 10 ಮಂದಿಗೆ 11 ರೆಸಿಡೆನ್ಸಿ ಸೀಟು ಇರಬೇಕೆಂಬ ಗುರಿಯನ್ನೂ ಆ ರಾಜ್ಯ ಇಟ್ಟುಕೊಂಡಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯ 1970ರ ದಶಕದ ಆರಂಭದಿಂದ ಅಲಾಸ್ಕಾ, ಮೊಂಟಾನಾ, ಐಡಾಹೊ ರಾಜ್ಯಗಳ ವಿದ್ಯಾರ್ಥಿಗಳಿಗೂ, 1996ರಿಂದ ವ್ಯೋಮಿಂಗ್‌ನವರಿಗೂ ವೈದ್ಯ ಶಿಕ್ಷಣ ಕೊಡುತ್ತಿದೆ. ಅವರು ತಮ್ಮ ರಾಜ್ಯದ ಚಿಕ್ಕ ಊರುಗಳಲ್ಲೇ ಕಲಿಕೆಯ ಭಾಗಗಳನ್ನು ಮುಗಿಸುತ್ತಾರೆ. ಈ ಹೆಣಗಾಟಕ್ಕೆ ಅರ್ಥವಿದೆ. ರೆಸಿಡೆನ್ಸಿ ಮುಗಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತರಬೇತಿ ಪಡೆದ ರಾಜ್ಯದಲ್ಲೇ ವೃತ್ತಿ ನಡೆಸುತ್ತಾರೆಂದು ಅಲ್ಲಿಯ ವೈದ್ಯಕೀಯ ಕಾಲೇಜುಗಳ ಸಂಘದ ವರದಿಗಳು ವರ್ಷವರ್ಷವೂ ಹೇಳುತ್ತಿವೆ.

ಕೆರಿಬಿಯನ್ ದ್ವೀಪಗಳ ಕಾಲೇಜು

ಈ ಭಾಗವನ್ನು ತಂದೆತಾಯಂದಿರು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ಗ್ರೆನಡಾ, ಬಾರ್ಬಡೋಸ್, ಸೇಂಟ್ ಮಾರ್ಟಿನ್, ಆಂಟಿಗುವಾ ದ್ವೀಪಗಳಲ್ಲಿ ಅಮೆರಿಕದ ಪಠ್ಯಕ್ರಮ ಅನುಸರಿಸುವ ಖಾಸಗಿ ಮೆಡಿಕಲ್ ಕಾಲೇಜುಗಳಿವೆ. ಆಂಟಿಗುವಾದ ಕಾಲೇಜು ನಮ್ಮ ಮಣಿಪಾಲ ಸಮೂಹದ್ದೇ ಆದ್ದರಿಂದ ಕನ್ನಡಿಗರಿಗೆ ಆ ಹೆಸರು ಹೊಸದಲ್ಲ. ಮೊದಲ ಎರಡು ವರ್ಷ ದ್ವೀಪದಲ್ಲಿ ಪಾಠ, ಮುಂದಿನ ಎರಡು ವರ್ಷ ಅಮೆರಿಕದ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ತರಬೇತಿ ಎಂಬುದು ಇವುಗಳ ಸಾಮಾನ್ಯ ಮಾದರಿ.

ಈ ಮಾದರಿಯ ಬಲವೆಲ್ಲ ಆ ಎರಡನೆಯ ಭಾಗದಲ್ಲಿದೆ. ಅಮೆರಿಕದ ವಾರ್ಡಿನಲ್ಲಿ ವಿದ್ಯಾರ್ಥಿಯಾಗಿ ನಿಲ್ಲುವ ಅವಕಾಶಕ್ಕೆ ಎಷ್ಟು ಬೆಲೆಯೆಂದರೆ, ಗ್ರೆನಡಾದ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯ 2007ರಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಆಸ್ಪತ್ರೆಗಳ ಜೊತೆ ಹತ್ತು ವರ್ಷಕ್ಕೆ 10 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಒಪ್ಪಂದ ಇರುವ ಕಾಲೇಜಿನ ಮಕ್ಕಳು ಆ ಆಸ್ಪತ್ರೆಗಳಲ್ಲೇ ಪಳಗಿ, ಅಲ್ಲಿಯ ವೈದ್ಯರಿಂದಲೇ ಶಿಫಾರಸು ಪಡೆದು, ಅಲ್ಲೇ ಅಥವಾ ಆಸುಪಾಸಿನಲ್ಲೇ ರೆಸಿಡೆನ್ಸಿಗೆ ಸೇರುತ್ತಾರೆ. ಒಪ್ಪಂದ ಗಟ್ಟಿಯಿಲ್ಲದ ಕಾಲೇಜಿನವರು ಇವತ್ತು ಒಂದು ಊರು, ಆರು ವಾರಕ್ಕೆ ಇನ್ನೊಂದು ಊರು ಎಂದು ಅಲೆಯುತ್ತಾರೆ. ಯಾರ ಕಣ್ಣಿಗೂ ನಿಲ್ಲುವುದಿಲ್ಲ.

ಜಾಹೀರಾತಿನಲ್ಲಿ ಕಾಣುವ ‘ಶೇ 90ಕ್ಕಿಂತ ಹೆಚ್ಚು ಮ್ಯಾಚ್’ ಎಂಬ ಅಂಕಿಯ ಬಗ್ಗೆ ಒಂದು ಪ್ರಶ್ನೆ ಕೇಳಿ: ಇದು ಕೊನೆಯ ವರ್ಷ ಅರ್ಜಿ ಹಾಕಿದವರ ಲೆಕ್ಕವೋ, ಮೊದಲ ವರ್ಷ ಹಣ ಕಟ್ಟಿ ಸೇರಿದವರ ಲೆಕ್ಕವೋ? ನಡುವೆ ಬಿಟ್ಟವರನ್ನೂ ಸ್ಟೆಪ್ 1 ದಾಟಲಾಗದೆ ಉಳಿದವರನ್ನೂ ಮೊದಲನೆಯ ಲೆಕ್ಕ ಕಾಣಿಸುವುದಿಲ್ಲ. ಅಂಥವರ ಮೇಲೆ ಸಾಲ ಮಾತ್ರ ಉಳಿದಿರುತ್ತದೆ.

ಭಾರತೀಯ ಪೌರತ್ವ ಇರುವವರಿಗೆ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, ವಿದೇಶದಲ್ಲಿ ಎಂಬಿಬಿಎಸ್‌ಗೆ ಸಮನಾದ ಪದವಿ ಪಡೆದು ಭಾರತದಲ್ಲಿ ವೃತ್ತಿ ನಡೆಸಬೇಕಾದರೆ ಕನಿಷ್ಠ 54 ತಿಂಗಳ ಓದು, ಆಮೇಲೆ 12 ತಿಂಗಳ ಇಂಟರ್ನ್‌ಶಿಪ್ ಎರಡೂ ಅದೇ ಸಂಸ್ಥೆಯಲ್ಲಿ ಆಗಿರಬೇಕು. ಪದವಿ ಕೊಟ್ಟ ದೇಶ ಬಿಟ್ಟು ಬೇರೆ ದೇಶದಲ್ಲಿ ತರಬೇತಿಯ ಯಾವ ಭಾಗವೂ ನಡೆದಿರಬಾರದು. ದ್ವೀಪದಲ್ಲಿ ಎರಡು ವರ್ಷ, ಅಮೆರಿಕದಲ್ಲಿ ಎರಡು ವರ್ಷ ಎಂಬ ಮಾದರಿ ಈ ನಿಯಮಕ್ಕೆ ಹೊಂದುವುದಿಲ್ಲ. ಅಮೆರಿಕದಲ್ಲಿ ಸೀಟು ಸಿಗದೆ ಹೋದರೆ ಊರಿಗೆ ಬಂದು ಪರೀಕ್ಷೆ ಬರೆದು ಕ್ಲಿನಿಕ್ ತೆರೆಯೋಣ ಎಂಬ ಆಸರೆ ಅವರಿಗೆ ಇರುವುದಿಲ್ಲ. ದಲ್ಲಾಳಿಗಳು ಈ ಮಾತನ್ನು ತಾವಾಗಿ ಹೇಳುವರೆಂದು ನಂಬಿ ಕೂರಬೇಡಿ.

ಕರ್ನಾಟಕದಲ್ಲಿ ಎಂಬಿಬಿಎಸ್ ಓದುತ್ತಿದ್ದರೆ

ನಮ್ಮ ಕಾಲೇಜುಗಳ ಮಾನ್ಯತೆಯ ಬಗ್ಗೆ ಆತಂಕ ಬೇಡ. ಹೊರದೇಶದ ವೈದ್ಯರನ್ನು ಪ್ರಮಾಣೀಕರಿಸುವ ಇಸಿಎಫ್‌ಎಂಜಿ ಸಂಸ್ಥೆ, ಕಾಲೇಜಿಗೆ ಮಾನ್ಯತೆ ಕೊಟ್ಟ ಸಂಸ್ಥೆಯೂ ಅಂತರರಾಷ್ಟ್ರೀಯ ಮನ್ನಣೆ ಪಡೆದಿದೆಯೇ ಎಂಬುದನ್ನು ಈಗ ರೆಸಿಡೆನ್ಸಿ ವಿಭಾಗಗಳಿಗೆ ತಿಳಿಸುತ್ತದೆ. ನಮ್ಮ ವೈದ್ಯಕೀಯ ಆಯೋಗಕ್ಕೆ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದಿಂದ ಹತ್ತು ವರ್ಷದ ಮನ್ನಣೆ ಬಂದಿದೆ. ಆದರೂ ವೈದ್ಯ ಕಾಲೇಜುಗಳ ವಿಶ್ವ ಡೈರೆಕ್ಟರಿಯಲ್ಲಿ ನಿಮ್ಮ ಕಾಲೇಜಿನ ಹೆಸರು ಹೇಗೆ ನಮೂದಾಗಿದೆ ಎಂದು ನೋಡಿಟ್ಟುಕೊಳ್ಳಿ, ಹೊಸ ಕಾಲೇಜಾದರೆ ಖಂಡಿತ ನೋಡಿ.

ಅಮೆರಿಕದ ಆಯ್ಕೆಗಾರರಿಗೆ ಮೈಸೂರು, ದಾವಣಗೆರೆ, ಬೆಳಗಾವಿ, ಮಂಗಳೂರು ಎಂಬ ಭೇದ ಗೊತ್ತಿರುವುದು ಅಪರೂಪ. 1924ರಷ್ಟು ಹಿಂದೆ ಶುರುವಾದ ಮೈಸೂರು ಮೆಡಿಕಲ್ ಕಾಲೇಜಿನ ಇತಿಹಾಸ ಅವರನ್ನು ತಲುಪಿರುವುದಿಲ್ಲ. ಅವರಿಗೆ ಗೊತ್ತಿರುವುದು ತಮ್ಮಲ್ಲಿ ಹಿಂದೆ ದುಡಿದುಹೋದ ಆ ಕಾಲೇಜಿನ ಒಬ್ಬ ವೈದ್ಯ. ಆತ ಚೆನ್ನಾಗಿ ಕೆಲಸ ಮಾಡಿದ್ದರೆ ಅದೇ ಕಾಲೇಜಿನ ಇನ್ನಷ್ಟು ಜನಕ್ಕೆ ಕರೆ ಬರುತ್ತದೆ. ಬೆಂಗಳೂರು ಮೆಡಿಕಲ್ ಕಾಲೇಜು, ಸೇಂಟ್ ಜಾನ್ಸ್, ಮಣಿಪಾಲದ ಕಸ್ತೂರ್ಬಾ ಕಾಲೇಜುಗಳಲ್ಲಿ ಓದಿದವರು ದಶಕಗಳಿಂದ ಅಲ್ಲಿ ಹರಡಿಕೊಂಡಿರುವುದೇ ಆ ಕಾಲೇಜುಗಳಿಗೆ ಬಲ. ಕಲಬುರಗಿಯ ಅಥವಾ ಬಳ್ಳಾರಿಯ ವಿದ್ಯಾರ್ಥಿ ಮಾಡಬೇಕಾದ ಮೊದಲ ಕೆಲಸ, ತನ್ನ ಕಾಲೇಜಿನ ಸೀನಿಯರ್‌ಗಳು ಎಲ್ಲೆಲ್ಲಿ ರೆಸಿಡೆಂಟ್ ಆಗಿದ್ದಾರೆಂದು ಪಟ್ಟಿ ಮಾಡುವುದು. ಹೆಚ್ಚಿನ ವಿಭಾಗಗಳು ತಮ್ಮ ಜಾಲತಾಣದಲ್ಲಿ ರೆಸಿಡೆಂಟ್‌ಗಳ ಹೆಸರು, ಓದಿದ ಕಾಲೇಜು ಎರಡನ್ನೂ ಹಾಕಿರುತ್ತವೆ. ಹೊರದೇಶದವರೇ ಇಲ್ಲದ ವಿಭಾಗಕ್ಕೆ ಅರ್ಜಿಶುಲ್ಕ ಸುರಿಯುವುದಕ್ಕಿಂತ ನಾಲ್ಕು ಸಂಜೆ ಈ ಪುಟಗಳನ್ನು ತಿರುವಿಹಾಕುವುದು ಲಾಭ. ಪದವಿ ಮುಗಿದು ಎಷ್ಟು ವರ್ಷದೊಳಗಿನವರು ಬೇಕು, ಯಾವ ವೀಸಾ ಕೊಡುತ್ತಾರೆ ಎಂಬುದೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಆಮೇಲೆ ಅಮೆರಿಕದ ಅನುಭವ. ಪದವಿ ಕೈಗೆ ಬರುವ ಮುಂಚೆ, ಇನ್ನೂ ವಿದ್ಯಾರ್ಥಿಯಾಗಿರುವಾಗ, ಅಲ್ಲಿಯ ಆಸ್ಪತ್ರೆಯಲ್ಲಿ ಎಲೆಕ್ಟಿವ್ ಮಾಡಿದರೆ ರೋಗಿಯನ್ನು ನೀವೇ ಪರೀಕ್ಷಿಸಬಹುದು, ಹಿರಿಯರೆದುರು ಕೇಸ್ ಮಂಡಿಸಬಹುದು. ಪದವಿ ಮುಗಿದ ಮೇಲೆ ಸಿಗುವುದು ಹೆಚ್ಚಾಗಿ ಅಬ್ಸರ್ವರ್‌ಶಿಪ್, ಅಂದರೆ ಪಕ್ಕದಲ್ಲಿ ನಿಂತು ನೋಡುವುದು. ಮೊದಲನೆಯದರಿಂದ ಬರುವ ಶಿಫಾರಸು ಪತ್ರದಲ್ಲಿ ನಿಮ್ಮ ಕೆಲಸದ ವಿವರ ಇರುತ್ತದೆ, ಎರಡನೆಯದರಲ್ಲಿ ನಿಮ್ಮ ಸೌಜನ್ಯದ ವಿವರ. ನಾಲ್ಕು ವಾರ ಎಲ್ಲಿ ಹೋಗುವುದೆಂದು ಆರಿಸುವಾಗ, ದೊಡ್ಡ ಹೆಸರಿನ ಆಸ್ಪತ್ರೆಗಿಂತ ಹೊರದೇಶದವರನ್ನು ರೆಸಿಡೆಂಟ್ ಆಗಿ ಸೇರಿಸಿಕೊಳ್ಳುವ ಆಸ್ಪತ್ರೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ವರ್ಷದಲ್ಲೇ ಕಾಲೇಜಿನ ಡೀನ್ ಕಚೇರಿಯಲ್ಲಿ ವಿಚಾರಿಸಿ. ಕೆಲವು ಕಾಲೇಜುಗಳಿಗೆ ಅಲ್ಲಿಯ ವಿಶ್ವವಿದ್ಯಾಲಯಗಳ ಜೊತೆ ಒಡನಾಟವಿದೆ.

ಕಾಗದಪತ್ರದ ವಿಷಯದಲ್ಲೂ ಕಾಲೇಜಿನ ಜಾಗ ಲೆಕ್ಕಕ್ಕೆ ಬರುತ್ತದೆ. ಅಂಕಪಟ್ಟಿ, ಡೀನ್ ಪತ್ರ, ಪದವಿಯ ದೃಢೀಕರಣ ಇವೆಲ್ಲ ಸೆಪ್ಟೆಂಬರ್ ಕೊನೆಯ ವಾರದೊಳಗೆ ಸಿದ್ಧವಿರಬೇಕು, ಏಕೆಂದರೆ ಅರ್ಜಿಗಳು ವಿಭಾಗಗಳಿಗೆ ಕಾಣಿಸುವುದು ಆಗ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಕಾಲೇಜಾದರೆ, ಕಾಲೇಜು ನಿಮ್ಮೂರಿನಲ್ಲಿ, ವಿಶ್ವವಿದ್ಯಾಲಯ ಬೆಂಗಳೂರಿನ ಜಯನಗರದಲ್ಲಿ. ಓಡಾಟಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳಿ.

ವೀಸಾ ಮತ್ತು ಮುಂದಿನ ಊರು

ಹೆಚ್ಚಿನ ಭಾರತೀಯರು ಹೋಗುವುದು ಜೆ-1 ವೀಸಾದಲ್ಲಿ. ಅದಕ್ಕೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ ಅಗತ್ಯದ ಪತ್ರ ತರಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಇದರಿಂದ ವಿನಾಯಿತಿ ಬೇಕಾದವರು ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ಕೆಲಸ ಮಾಡುತ್ತಾರೆ. ಕಾನ್ರಾಡ್ ಯೋಜನೆಯಡಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಇಂಥ 30 ಅವಕಾಶ ಮಾತ್ರ. ಎಚ್-1ಬಿ ಬೇಕಿದ್ದರೆ ಸ್ಟೆಪ್ 3 ಮೊದಲೇ ಮುಗಿದಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ, ಹೊರಗಿನಿಂದ ಬರುವವರಿಗೆ ಈ ದಾರಿ ಇನ್ನಷ್ಟು ಕಿರಿದಾಗಿದೆ. ಅದೇ ವರ್ಷ ಮೇ ಕೊನೆಯಲ್ಲಿ ಜೆ-1 ಸಂದರ್ಶನಗಳು ಕೆಲವು ವಾರ ನಿಂತಾಗ, ಜುಲೈ ಆರಂಭಕ್ಕೆ ಕೆಲಸಕ್ಕೆ ಹಾಜರಾಗಬೇಕಿದ್ದವರು ಬಹಳ ಸಂಕಟಪಟ್ಟರು. ವೀಸಾ ನಿಯಮ ಅರ್ಜಿ ಹಾಕುವ ವರ್ಷ ಹೇಗಿದೆಯೋ ಅದನ್ನೇ ನೋಡಿಕೊಳ್ಳಬೇಕು.

ಸಂದರ್ಶನಗಳು ಮುಗಿದು ಆದ್ಯತೆಯ ಪಟ್ಟಿ ಕೊಡುವಾಗ ಊರಿನ ಲೆಕ್ಕಾಚಾರ ಬಿಡಿ. ‘ಅವರು ನನ್ನನ್ನು ಎಲ್ಲಿ ತೆಗೆದುಕೊಳ್ಳುತ್ತಾರೆ’ ಎಂದು ಊಹಿಸಿ ಪಟ್ಟಿ ತಿರುಗಿಸುವವರಿದ್ದಾರೆ. 1998ರಿಂದ ಬಳಕೆಯಲ್ಲಿರುವ ಹಂಚಿಕೆ ಸೂತ್ರ ಅಭ್ಯರ್ಥಿಯ ಆಯ್ಕೆಯಿಂದಲೇ ಶುರುವಾಗುತ್ತದೆ; ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲಿ ಬರೆದರೆ ನಷ್ಟವೇ ಇಲ್ಲ. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಭಾರತದಲ್ಲೇ ಪಿ.ಜಿ. ಮಾಡುವವರಿಗೂ ಓದಿದ ಜಾಗದ ಪ್ರಶ್ನೆ ಈಚೆಗೆ ಬದಲಾಗಿದೆ. ರಾಜ್ಯದ ಕೋಟಾದ ವೈದ್ಯಕೀಯ ಪಿ.ಜಿ. ಸೀಟುಗಳಲ್ಲಿ ವಾಸಸ್ಥಳದ ಆಧಾರದ ಮೀಸಲಾತಿ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2025ರ ಜನವರಿ 29ರಂದು ತೀರ್ಪು ಕೊಟ್ಟಿತು. ಆದರೆ ಅದೇ ಸಂಸ್ಥೆಯಲ್ಲಿ ಎಂಬಿಬಿಎಸ್ ಓದಿದವರಿಗೆ ಒಂದು ಮಿತಿಯಲ್ಲಿ ಆದ್ಯತೆ ಕೊಡುವುದನ್ನು ಒಪ್ಪಿತು. ಹುಟ್ಟಿದ ಊರಿನ ಬಲ ತಗ್ಗಿದೆ, ಎಂಬಿಬಿಎಸ್ ಓದಿದ ಸಂಸ್ಥೆಯ ಬಲ ಉಳಿದಿದೆ. ಹೊರರಾಜ್ಯದಲ್ಲಿ ಎಂಬಿಬಿಎಸ್‌ಗೆ ಸೇರುವ ಮುನ್ನ ಇದನ್ನೂ ಲೆಕ್ಕ ಹಾಕಿ. ಕೌನ್ಸೆಲಿಂಗ್ ವರ್ಷದ ನಿಯಮವನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರಕಟಣೆಯಲ್ಲೇ ಓದಿ.

ಯಾವುದೇ ಹೊರದೇಶದ ಕಾಲೇಜಿಗೆ ಮುಂಗಡ ಕಟ್ಟುವ ಮೊದಲು ಮೂರು ಉತ್ತರಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ: ಕ್ಲಿನಿಕಲ್ ವರ್ಷಗಳು ಯಾವ ಊರಿನ ಯಾವ ಆಸ್ಪತ್ರೆಯಲ್ಲಿ, ಮೊದಲ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ರೆಸಿಡೆನ್ಸಿ ತಲುಪಿದರು, ಈ ಪದವಿ ಭಾರತದಲ್ಲಿ ನಡೆಯುತ್ತದೆಯೇ. ಬರೆದುಕೊಡಲು ಒಪ್ಪದ ಕಾಲೇಜಿಗೆ ಮನೆ ಅಡವಿಟ್ಟ ಹಣ ಕಟ್ಟಬೇಡಿ.